ಹನ್ನೆರಡು ಎಣಿಕೆಯ ಚಕ್ರ: ಫ್ಲಮೆಂಕೋ ಕಲೆಯ ಪರಿಚಯ

ಫ್ಲಮೆಂಕೋ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೆರಿಗೆಯ ಉದ್ದ ಲಂಗ, ನೆಲವನ್ನು ಕುಟ್ಟುವ ಬೂಟು, ಬಿರುಸಾಗಿ ಮೀಟುವ ಗಿಟಾರ್. ಸ್ಪೇನ್ ದೇಶದ ದಕ್ಷಿಣ ಪ್ರಾಂತವಾದ ಆಂದಲೂಸಿಯಾದಲ್ಲಿ ಬೆಳೆದ ಈ ಕಲೆಯ ಹೊರಮೈ ಅದು. ಒಳಗೆ ಒಂದು ಲೆಕ್ಕವಿದೆ. ಅದನ್ನು ತಿಳಿಯಲು ಗಿಟಾರ್ ಬೇಕಿಲ್ಲ; ನಿಮ್ಮ ಎರಡು ಕೈಗಳು ಸಾಕು.

ನಿಧಾನವಾಗಿ ಹೀಗೆ ಹೇಳಿ: ತಕಿಟ ತಕಿಟ ತಕ ತಕ ತಕ. 'ತ' ಬಂದಾಗಲೆಲ್ಲ ಒಂದು ಚಪ್ಪಾಳೆ ತಟ್ಟಿ. ಅಕ್ಷರಗಳು ಹನ್ನೆರಡು, ಚಪ್ಪಾಳೆ ಐದು. ನಿಲ್ಲಿಸದೆ ಮತ್ತೆ ಮತ್ತೆ ಹೇಳಿ. 'ಬುಲೆರಿಯಾ' ಎಂಬ ಹುರುಪಿನ ಹಾಡು-ಕುಣಿತಕ್ಕೆ ಆಧಾರವಾದ ನಡೆ ಇದು. ಈಗ ಅದೇ ಚಕ್ರವನ್ನು ಇನ್ನೊಂದು ಕಡೆಯಿಂದ ಆರಂಭಿಸಿ: ತಕ ತಕ ತಕಿಟ ತಕಿಟ ತಕ. ಇದು 'ಸಿಗಿರಿಯಾ'. ಸಾವು, ಸೆರೆವಾಸ, ಅಗಲಿಕೆಗಳನ್ನು ಹಾಡುವ ಗಂಭೀರ ಪ್ರಕಾರ. ಹೊರಡುವ ಜಾಗ ಬದಲಾದಾಗ ಭಾವವೂ ಬದಲಾಯಿತು ನೋಡಿ.

ಈ ಎಣಿಕೆಯ ಚಕ್ರವನ್ನು 'ಕೊಂಪಾಸ್' ಎನ್ನುತ್ತಾರೆ. ಎಲ್ಲ ಪ್ರಕಾರಗಳಿಗೂ ಹನ್ನೆರಡರ ಚಕ್ರವಿಲ್ಲ. 'ತಾಂಗೋಸ್' ಎಂಬುದು ನಾಲ್ಕರಲ್ಲಿ ನಡೆಯುತ್ತದೆ. ಆದರೆ ಯಾವ ಪ್ರಕಾರವೇ ಇರಲಿ, ಕೊಂಪಾಸ್ ತಪ್ಪಿದವನನ್ನು ಆಂದಲೂಸಿಯಾದ ರಸಿಕರು ಕ್ಷಮಿಸುವುದಿಲ್ಲ.

ಹಾಡೇ ಮೊದಲು

ಫ್ಲಮೆಂಕೋಗೆ ಹಾಡು, ನೃತ್ಯ, ಗಿಟಾರ್ ವಾದನ ಎಂಬ ಮೂರು ಅಂಗಗಳಿವೆ. ಬಲ್ಲವರು ಹಾಡಿಗೇ ಮೊದಲ ಸ್ಥಾನ ಕೊಡುತ್ತಾರೆ. ಗಿಟಾರ್ ಬಲ್ಲ ವಿದ್ಯಾರ್ಥಿಗಳು ಎ ಮೈನರ್, ಜಿ, ಎಫ್, ಇ ಎಂಬ ನಾಲ್ಕು ಕಾರ್ಡ್‌ಗಳನ್ನು ಇದೇ ಕ್ರಮದಲ್ಲಿ ನುಡಿಸಿ, ಕೊನೆಯದರಲ್ಲಿ ನಿಲ್ಲಿಸಿ ನೋಡಿ. ಮೆಟ್ಟಿಲಿಳಿದು ಬಂದಂತಹ ಆ ಸ್ವರಛಾಯೆ ಕೂಡಲೇ ಕಿವಿಗೆ ಬೀಳುತ್ತದೆ.

ಇಲ್ಲಿ ಕೋಲು ಹಿಡಿದು ನಿರ್ದೇಶಿಸುವವರಿಲ್ಲ. ನರ್ತಕಿ ಪಾದದಿಂದ ಒಂದು ನಿಶ್ಚಿತ ಹೊಡೆತ ಕೊಟ್ಟರೆ ಅದೇ ಗಾಯಕನಿಗೂ ಗಿಟಾರ್ ವಾದಕನಿಗೂ ಸೂಚನೆ. ಪಕ್ಕದಲ್ಲಿ ಚಪ್ಪಾಳೆ ತಟ್ಟುವವರೂ ಕಲಾವಿದರೇ. ಅಂಗೈಯನ್ನು ಬಟ್ಟಲಿನಂತೆ ಮಾಡಿ ತಗ್ಗಿದ ನಾದ, ಬೆರಳುಗಳಿಂದ ಅಂಗೈಗೆ ಹೊಡೆದು ಮೊನಚಾದ ನಾದ, ಹೀಗೆ ಚಪ್ಪಾಳೆಯಲ್ಲೂ ಎರಡು ಬಗೆಯಿದೆ.

ಯಾರ ಕಲೆ?

ಫ್ಲಮೆಂಕೋ ಬೆಳೆಸಿದವರಲ್ಲಿ ಮುಖ್ಯರು ಸ್ಪೇನಿನ ಹಿತಾನೋಗಳು, ಅಂದರೆ ಅಲ್ಲಿನ ರೋಮಾ ಜನ. ಇವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟವರು ಎಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ರೋಮಾನಿ ಭಾಷೆಯಲ್ಲಿ ನೀರಿಗೆ 'ಪಾನಿ' ಎನ್ನುತ್ತಾರೆ. ಹಾಗೆಂದು ಫ್ಲಮೆಂಕೋ ನೇರವಾಗಿ ಕಥಕ್‌ನಿಂದ ಹುಟ್ಟಿತೆಂದು ಹೇಳಿಬಿಡಬಾರದು. ಪಾದಘಾತ ಎರಡರಲ್ಲೂ ಇದೆ ಎಂಬ ಹೋಲಿಕೆ ಪುರಾವೆಯಾಗುವುದಿಲ್ಲ. ಆಂದಲೂಸಿಯಾದ ಜಾನಪದ, ಮೂರ್ ಜನರ ಪರಂಪರೆ, ಆಫ್ರಿಕಾ ಮತ್ತು ಅಮೆರಿಕಗಳಿಂದ ಬಂದ ಲಯಗಳು ಇವೆಲ್ಲ ಇದರಲ್ಲಿ ಬೆರೆತಿವೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. 1749ರ ಜುಲೈನಲ್ಲಿ ಸ್ಪೇನಿನ ಅರಸೊತ್ತಿಗೆ ಹಿತಾನೋಗಳನ್ನು ಹುಡುಕಿ ಹಿಡಿದು, ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಿ, ಸಾವಿರಾರು ಜನರನ್ನು ಸೆರೆಗೆ ಹಾಕಿತು. ಹಲವರಿಗೆ ಬಿಡುಗಡೆಯಾಗಲು ವರ್ಷಗಳೇ ಹಿಡಿದವು. ಇಂದು ಸ್ಪೇನಿನ ಹೆಮ್ಮೆಯೆನಿಸಿದ ಕಲೆಯ ಹಿಂದೆ ಆ ದೇಶವೇ ಅಳಿಸಹೊರಟ ಜನರ ದನಿಯಿದೆ.

ಉಳಿಸುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗೀತದ ಕೆಫೆಗಳು ತೆರೆದು, ಮನೆ-ಬೀದಿಗಳ ಹಾಡು ಜೀವನೋಪಾಯವಾಯಿತು. ಕಲೆ ಕೆಟ್ಟಿತು ಎಂಬ ಕೂಗೂ ಎದ್ದಿತು. ಅದನ್ನು ಉಳಿಸಲೆಂದು ಸಂಗೀತಕಾರ ಮನುವೆಲ್ ದೆ ಫಾಯಾ, ತರುಣ ಕವಿ ಫೆದೆರಿಕೋ ಗಾರ್ಸಿಯಾ ಲೋರ್ಕಾ ಮತ್ತು ಮಿತ್ರರು ಸೇರಿ 1922ರ ಜೂನ್ 13 ಮತ್ತು 14ರಂದು ಗ್ರಾನಾಡಾದ ಅಲ್ಹಾಂಬ್ರಾ ಕೋಟೆಯಲ್ಲಿ ಒಂದು ಗಾಯನ ಸ್ಪರ್ಧೆ ನಡೆಸಿದರು. ಹಳೆಯ, ಶುದ್ಧ ಹಾಡು ಬೇಕೆಂಬುದು ಅವರ ಆಸೆ. ವೃತ್ತಿ ಗಾಯಕರು ಸ್ಪರ್ಧಿಸುವಂತಿರಲಿಲ್ಲ. ಆದರೆ ತೀರ್ಪುಗಾರರ ಅಧ್ಯಕ್ಷತೆಗೆ ವೃತ್ತಿ ಗಾಯಕ ಅಂತೋನಿಯೋ ಚಕೋನ್ ಅವರೇ ಬೇಕಾದರು!

ಬಹುಮಾನ ಗೆದ್ದವರಲ್ಲಿ ಒಬ್ಬರು ಎಪ್ಪತ್ತರ ಆಸುಪಾಸಿನ ದಿಯೇಗೋ ಬೆರ್ಮೂದೆಸ್. ಇನ್ನೊಬ್ಬ ಹದಿಮೂರು ತುಂಬದ ಬಾಲಕ ಮನೋಲೋ ಕರಕೋಲ್. ಆ ಬಾಲಕ ಬೆಳೆದು ಮಾಡಿದ್ದೇನು? 1940ರ ದಶಕದಲ್ಲಿ ಲೋಲಾ ಫ್ಲೋರೆಸ್ ಜೊತೆ ರಂಗಮಂದಿರಗಳಲ್ಲಿ ಜನಪ್ರಿಯ ಪ್ರದರ್ಶನಗಳನ್ನು ಕೊಟ್ಟು ಇಡೀ ಸ್ಪೇನಿಗೆ ಪರಿಚಿತನಾದ. ಶುದ್ಧತೆಯ ಸ್ಪರ್ಧೆಯಲ್ಲಿ ಗೆದ್ದವನು ಅದರ ಬೇಲಿಯೊಳಗೆ ನಿಲ್ಲಲಿಲ್ಲ.

ಲೋರ್ಕಾ 1936ರ ಅಂತರ್ಯುದ್ಧದ ಆರಂಭದಲ್ಲೇ ಕೊಲೆಯಾದ. ಮುಂದೆ 1979ರಲ್ಲಿ ಹಿತಾನೋ ಗಾಯಕ ಕಮರೋನ್ ದೆ ಲಾ ಇಸ್ಲಾ ಅದೇ ಲೋರ್ಕಾನ ಕವಿತೆಗಳನ್ನು 'ಲಾ ಲೆಯೆಂದಾ ದೆಲ್ ತಿಯೆಂಪೋ' ಎಂಬ ಧ್ವನಿಮುದ್ರಿಕೆಯಲ್ಲಿ ಹಾಡಿದರು. ಹಿನ್ನೆಲೆಯಲ್ಲಿ ವಿದ್ಯುತ್ ಗಿಟಾರ್, ಡ್ರಮ್ಸ್, ಒಂದು ಹಾಡಿನಲ್ಲಂತೂ ನಮ್ಮ ಸಿತಾರ್! ಮಡಿವಂತರು ಸಿಟ್ಟಾದರು, ಮಾರಾಟ ಕುಸಿಯಿತು. ಇಂದು ಆ ಮುದ್ರಿಕೆ ಫ್ಲಮೆಂಕೋ ಚರಿತ್ರೆಯ ಮೈಲಿಗಲ್ಲು.

ಗಿಟಾರ್ ಮಾಂತ್ರಿಕ ಪಾಕೋ ದೆ ಲೂಸಿಯಾ (1947–2014) ಮಾಡಿದ್ದೂ ಇಂಥದೇ ಕೆಲಸ. 1970ರ ದಶಕದಲ್ಲಿ ಅವರು ಪೆರು ದೇಶದಿಂದ 'ಕಹೋನ್' ಎಂಬ ಮರದ ಪೆಟ್ಟಿಗೆ ವಾದ್ಯವನ್ನು ತಂದರು. ಅದು ಪೆರುವಿನಲ್ಲಿ ಆಫ್ರಿಕನ್ ಮೂಲದವರು ರೂಪಿಸಿದ ವಾದ್ಯ. ಈಗ ಕಹೋನ್ ಇಲ್ಲದ ಫ್ಲಮೆಂಕೋ ಕಛೇರಿಯೇ ಅಪರೂಪ.

ಉತ್ಸವಗಳು

ಸೆವಿಲ್ ನಗರದಲ್ಲಿ 1980ರಲ್ಲಿ ಆರಂಭವಾದ 'ಬಿಯೆನಾಲ್' ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಉತ್ಸವ. ಮುರ್ಸಿಯಾ ಪ್ರಾಂತದ ಗಣಿ ಊರಾದ ಲಾ ಉನಿಯೋನ್‌ನಲ್ಲಿ 1961ರಲ್ಲಿ ಗಣಿ ಹಾಡುಗಳ ಉತ್ಸವ ಶುರುವಾಯಿತು. ಅಲ್ಲಿ ಗಾಯಕರಿಗೆ ಸಲ್ಲುವ ಅತ್ಯುನ್ನತ ಬಹುಮಾನ ಒಂದು ಗಣಿದೀಪ. 2010ರ ನವೆಂಬರ್ 16ರಂದು ಯುನೆಸ್ಕೋ ಫ್ಲಮೆಂಕೋವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾವ ಕಲೆಯೂ ಉಳಿಯುವುದಿಲ್ಲ. ವಾದ್ಯ ಬದಲಾಯಿತು, ವೇದಿಕೆ ಬದಲಾಯಿತು. ಕೊಂಪಾಸ್ ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಾ ಬಂದಿದೆ. ಟಿವಿಯಲ್ಲಿ ಫ್ಲಮೆಂಕೋ ಬಂದಾಗ ಕ್ಯಾಮೆರಾ ಹೆಚ್ಚಾಗಿ ನರ್ತಕಿಯ ಪಾದವನ್ನೇ ತೋರಿಸುತ್ತದೆ. ನೀವು ಹಿಂದೆ ಕುಳಿತವರ ಕೈಗಳನ್ನೂ ಗಮನಿಸಿ. ತಕಿಟ ತಕಿಟ ತಕ ತಕ ತಕ ಎಂದು ಮನಸ್ಸಿನಲ್ಲೇ ಎಣಿಸಿ, ಚಕ್ರ ಎಲ್ಲಿಂದ ಹೊರಟಿತೆಂದು ಗುರುತಿಸಲು ಪ್ರಯತ್ನಿಸಿ.