ಬಾಹ್ಯಾಕಾಶದಲ್ಲಿದ್ದರೂ ಹಬಲ್‌ಗೆ ತಪ್ಪದ ಉಪಗ್ರಹಗಳ ಕಾಟ! ಏನಿದು ಸಮಸ್ಯೆ?

ಸಂಜೆ ಕತ್ತಲಾದ ಮೇಲೆ ಆಕಾಶದಲ್ಲಿ ಸದ್ದಿಲ್ಲದೆ ಸಾಗುವ ಬೆಳಕಿನ ಚುಕ್ಕಿಯನ್ನು ನೀವೂ ನೋಡಿರಬಹುದು. ಅದು ಉಪಗ್ರಹ. ಅದಕ್ಕೆ ಸ್ವಂತ ಬೆಳಕಿಲ್ಲ. ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತೆ. ಆ ಬಿಸಿಲು ಬಿದ್ದೇ ಅದು ಹೊಳೆಯೋದು.

ಇದರಿಂದ ಭೂಮಿ ಮೇಲಿನ ದೂರದರ್ಶಕಗಳಿಗೆ ಮಾತ್ರ ತೊಂದರೆ ಅಂದುಕೊಂಡರೆ ತಪ್ಪು. 1990ರಲ್ಲಿ ಉಡಾವಣೆಯಾದ ಹಬಲ್ ಸುತ್ತುತ್ತಿರುವುದು ಸುಮಾರು 500 ಕಿ.ಮೀ. ಎತ್ತರದಲ್ಲಿ. ಸಾವಿರಾರು ಉಪಗ್ರಹಗಳು ಅದಕ್ಕಿಂತಲೂ ಮೇಲಿವೆ! ಹಬಲ್ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಣ್ಣು ತೆರೆದಿರಬೇಕು. ನಡುವೆ ಉಪಗ್ರಹ ಹಾದುಹೋದರೆ ಚಿತ್ರದ ಮೇಲೆ ಬಿಳಿ ಗೀರು. ಅದರಡಿಯ ನಕ್ಷತ್ರದ ಮಾಹಿತಿ ಹೋದಂತೆಯೇ.

2002ರಿಂದ 2021ರವರೆಗಿನ ಹಬಲ್ ಚಿತ್ರಗಳಲ್ಲಿ ಶೇ 2.7ರಷ್ಟಕ್ಕೆ ಇಂಥ ಗೀರು ಬಿದ್ದಿತ್ತು. ಯೋಜನೆಯಲ್ಲಿರುವ ಸುಮಾರು 5.6 ಲಕ್ಷ ಉಪಗ್ರಹಗಳೂ ಮೇಲೇರಿದರೆ ಮೂರನೇ ಒಂದು ಭಾಗದಷ್ಟು ಚಿತ್ರಗಳಿಗೆ ಗೀರು ಬೀಳಬಹುದು ಎಂದು ನಾಸಾ ವಿಜ್ಞಾನಿಗಳು 2025ರಲ್ಲಿ ಅಂದಾಜಿಸಿದ್ದಾರೆ.

ಉಪಗ್ರಹ ದೊಡ್ಡದಾದಷ್ಟೂ ಹೊಳಪು ಹೆಚ್ಚು. 2025ರ ಡಿಸೆಂಬರ್‌ನಲ್ಲಿ ನಮ್ಮ ಇಸ್ರೋ ಹಾರಿಸಿದ ಅಮೆರಿಕದ ಬ್ಲೂಬರ್ಡ್ ಉಪಗ್ರಹದ ಆಂಟೆನಾ 223 ಚದರ ಮೀಟರ್, ಅಂದರೆ ಎರಡು 30×40 ಸೈಟಿನಷ್ಟು! ಟವರ್ ಇಲ್ಲದ ಕಡೆಯೂ ಮೊಬೈಲ್‌ಗೆ ನೇರ ಸಿಗ್ನಲ್ ಕೊಡುವುದೇ ಅದರ ಕೆಲಸ. ಕಾಡಂಚಿನ ಊರಿಗೆ ನೆಟ್‌ವರ್ಕ್ ಬೇಡ ಅನ್ನೋರು ಯಾರು?

ಹಾಗಾದರೆ ದಾರಿ? ಉಪಗ್ರಹಗಳಿಗೆ ಹೊಳಪು ತಗ್ಗಿಸುವ ಲೇಪನ, ದೂರದರ್ಶಕಕ್ಕಿಂತ ಕೆಳಗಿನ ಕಕ್ಷೆ, ಯಾವಾಗ ಎಲ್ಲಿ ಹಾದುಹೋಗುತ್ತೆ ಅನ್ನೋ ಮುಂಚಿತ ಮಾಹಿತಿ. ಎಲ್ಲವೂ ಸಾಧ್ಯ. ಆದರೆ ಉಪಗ್ರಹ ಹಾರಿಸುವ ಮೊದಲೇ ಯೋಚಿಸಬೇಕು. ಒಮ್ಮೆ ಗೀರು ಬಿದ್ದ ಚಿತ್ರದಲ್ಲಿ ಕಳೆದದ್ದು ಮತ್ತೆ ಸಿಗಲ್ಲ.