ಗಾಂಜಾ ಗಿಡ: ಅಂದು ಲೈಸೆನ್ಸಿನ ಬೆಳೆ, ಇಂದು ಕುಂಡದಲ್ಲಿದ್ದರೂ ಅಪರಾಧ

ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರ ಜಿಲ್ಲೆಗಳೆರಡಕ್ಕೂ ಗಡಿಯಾಗಿರುವ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಇಂದು ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳಿಗೆ ಹೆಸರಾಗಿದೆ. ಬ್ರಿಟಿಷರ ಕಾಲದಲ್ಲಿ ಇದೇ ಜಿಲ್ಲೆ ಮುಂಬಯಿ ಪ್ರಾಂತದ ಗಾಂಜಾ ಬೆಳೆಯ ತಾಣಗಳಲ್ಲಿ ಒಂದಾಗಿತ್ತು ಎಂಬುದು ಇಲ್ಲಿನ ಅನೇಕ ಕನ್ನಡಿಗರಿಗೆ ತಿಳಿದಿರಲಾರದು. 1893ರಲ್ಲಿ ಸರಕಾರ ನೇಮಿಸಿದ ಭಾರತೀಯ ಹೆಂಪ್ ಡ್ರಗ್ಸ್ ಆಯೋಗವು ಸುಮಾರು 1,200 ಮಂದಿಯ ಹೇಳಿಕೆ ಪಡೆದು, 1894ರಲ್ಲಿ ವರದಿ ನೀಡಿತು. ಆ ಬೆಳೆಯ ವಿವರಗಳೆಲ್ಲ ಅದರಲ್ಲಿವೆ.

ಕೊಯ್ಲಿನ ಮುಂಚಿನ ಕೆಲಸವೇ ಆ ಬೆಳೆಯ ಜೀವಾಳವಾಗಿತ್ತು. ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಗಂಡಿನ ಪರಾಗ ತಗಲಿದರೆ ಹೆಣ್ಣು ಗಿಡದಲ್ಲಿ ಬೀಜ ಕಟ್ಟಿ, ಹೂಗೊಂಚಲಿನ ಅಂಟು ಕಡಿಮೆಯಾಗಿ ಬೆಲೆ ಬೀಳುತ್ತಿತ್ತು. ಬಂಗಾಳದ ನೌಗಾಂವ್‌ನಲ್ಲಿ (ಈಗ ಬಾಂಗ್ಲಾದೇಶ) ಗಂಡು ಗಿಡ ಗುರುತಿಸಿ ಕಿತ್ತುಹಾಕಲೆಂದೇ ‘ಪೊದ್ದಾರ್’ ಎಂಬ ಪರಿಣತರಿದ್ದರು. ಇಂಗ್ಲಿಷ್ ಅಧಿಕಾರಿಗಳು ಅವರನ್ನು ‘ಗಾಂಜಾ ಡಾಕ್ಟರ್’ ಎಂದು ಕರೆಯುತ್ತಿದ್ದರು. ಕೆಳಗಿನ ರೆಂಬೆಗಳನ್ನು ಸವರಿ, ಗೊಂಚಲು ಬಲಿತ ಮೇಲೆ ಕೊಯ್ದು, ಬಾಡಿಸಿ, ಕಾಲಿನಿಂದ ತುಳಿದು ಚಪ್ಪಟೆ ಮಾಡುತ್ತಿದ್ದರು. ಲೈಸೆನ್ಸ್ ಪಡೆದ ರೈತನ ಮಾಲು ಸರಕಾರಿ ನಿಗಾದ ಗೋದಾಮು ಸೇರಿ, ಸುಂಕ ಕಟ್ಟಿದ ಮೇಲಷ್ಟೇ ಅಂಗಡಿಗೆ ಹೋಗುತ್ತಿತ್ತು.

ಅಂದು ರೈತ ಕಣ್ಣಿಟ್ಟಿದ್ದ ಆ ಹೂಗೊಂಚಲಿನ ಮೇಲೆಯೇ ಇಂದು ಕಾನೂನಿನ ಕಣ್ಣಿದೆ. 1985ರ ನವೆಂಬರ್ 14ರಂದು ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಹೂ ಅಥವಾ ಕಾಯಿ ಬಿಟ್ಟ ತುದಿಯೇ ಗಾಂಜಾ. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. ಎಲೆಯ ಭಂಗಿಗೆ ಇದರಿಂದ ವಿನಾಯಿತಿ ಸಿಕ್ಕಿದರೂ, ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಅದನ್ನೂ ನಿಯಂತ್ರಿಸುತ್ತದೆ.

ಹಲವರು ಎಡವುವುದು ಇಲ್ಲಿಯೇ. ‘ಎಲೆಗೆ ತಾನೇ ಬೆಳೆಸಿದ್ದು, ಹೂ ಇನ್ನೂ ಬಂದಿಲ್ಲ’ ಎಂಬ ಮಾತು ನಡೆಯದು. ಗಿಡ ಬೆಳೆಸುವುದನ್ನೇ ಕಾಯ್ದೆಯ 8ನೇ ಕಲಂ ನಿಷೇಧಿಸಿದೆ. 20ನೇ ಕಲಂ ಪ್ರಕಾರ ಇದಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಹೊಲವೋ ಬಾಲ್ಕನಿಯ ಕುಂಡವೋ ಎಂಬ ಭೇದವನ್ನು ಕಲಂ ಮಾಡಿಲ್ಲ. ಸರಕಾರದ ಅನುಮತಿಯಿದ್ದರೆ ಮಾತ್ರ ಮಾತು ಬೇರೆ. ನಾರಿಗಾಗಿ ಹೆಂಪ್ ಬೆಳೆಯಲು ಉತ್ತರಾಖಂಡ 2018ರಲ್ಲಿ ಅಂಥ ಲೈಸೆನ್ಸ್ ನೀಡಿತ್ತು.

ಹೋಟೆಲು ನಡೆಸುವವರು ಮತ್ತು ಕೋಣೆ ಬಾಡಿಗೆಗೆ ಕೊಟ್ಟವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೆಲಸದ ಹುಡುಗರ ಕೋಣೆಯಲ್ಲೋ ಟೆರೇಸಿನಲ್ಲೋ ಇಂಥ ಗಿಡವಿದೆ ಎಂದು ತಿಳಿದೂ ಬಿಟ್ಟುಕೊಟ್ಟರೆ, 25ನೇ ಕಲಂನಡಿ ಮಾಲೀಕನಿಗೂ ಅದೇ ಶಿಕ್ಷೆ. ತನ್ನ ಜಮೀನಿನಲ್ಲಿ ಅಕ್ರಮವಾಗಿ ಬೆಳೆದ ಗಾಂಜಾದ ಬಗ್ಗೆ ಕೂಡಲೇ ಪೊಲೀಸರಿಗೆ ತಿಳಿಸುವುದು 46ನೇ ಕಲಂ ಪ್ರಕಾರ ಭೂಮಾಲೀಕನ ಕರ್ತವ್ಯ. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಅಪರಾಧವೇ.

ಊರು ಬಿಟ್ಟು ಬಂದು, ಹಗಲಿರುಳು ದುಡಿದು ಗಳಿಸಿದ ಹೆಸರು ಮನೆಯ ಒಬ್ಬ ಹುಡುಗನ ಕುತೂಹಲದಿಂದ ಠಾಣೆಯ ಮೆಟ್ಟಿಲೇರಬಾರದು. ಪಾಸ್‌ಪೋರ್ಟಿಗೂ ಸರಕಾರಿ ನೌಕರಿಗೂ ಪೊಲೀಸ್ ಪರಿಶೀಲನೆ ಇದ್ದೇ ಇದೆ. ಇನ್ನು ಚಟಕ್ಕೆ ಬಿದ್ದವರಿಗೆ ಬೈಗುಳಕ್ಕಿಂತ ಚಿಕಿತ್ಸೆ ಮುಖ್ಯ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ 64ಎ ಕಲಂ ರಕ್ಷಣೆ ನೀಡುತ್ತದೆ. ವ್ಯಸನಮುಕ್ತಿಗಾಗಿ 14446 ರಾಷ್ಟ್ರೀಯ ಸಹಾಯವಾಣಿಯಿದೆ, ಕರೆ ಉಚಿತ. ನಮ್ಮ ಸಂಘಗಳ ಯುವ ವಿಭಾಗಗಳು ವಾರ್ಷಿಕೋತ್ಸವದ ಮನರಂಜನೆಯ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಒಬ್ಬ ವಕೀಲರನ್ನೂ ಒಬ್ಬ ವೈದ್ಯರನ್ನೂ ಕರೆಸಿ ಈ ವಿಷಯ ಮಾತನಾಡಿಸಿದರೆ ಸಮಾಜಕ್ಕೆ ದೊಡ್ಡ ಉಪಕಾರವಾದೀತು.