ತೊಟ್ಟಿ ಮನೆಯ ಕಾವಲು ಯಾರದು?

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಮ್ಮ ಕಾಲೇಜಿನವರ ವಾಟ್ಸ್‌ಆ್ಯಪ್ ತುಂಬ ಅದೇ ಸ್ಟೇಟಸ್. ಅದೇ ಬೇಲೂರು ತಾಲ್ಲೂಕಿನ ನಮ್ಮ ಗೆಂಡೆಹಳ್ಳಿ ಕಡೆ ತೊಟ್ಟಿ ಮನೆಯೊಂದು ಉರುಳಿದರೆ ಸುದ್ದಿಯೇ ಅಲ್ಲ. ಕಂಬ, ಬಾಗಿಲುವಾಡಗಳು ಹಳೇ ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ, ಅಷ್ಟೆ.

ಕಾನೂನು ಇಲ್ಲವೇ? ಇದೆ. ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಎರಡೂ ಇವೆ. ಆದರೆ ನೂರು ವರ್ಷ ದಾಟಿದ ಮಾತ್ರಕ್ಕೆ ಮನೆಗೆ ರಕ್ಷಣೆ ಸಿಗುವುದಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಆ ಭಾಗ್ಯ ಹೆಚ್ಚಾಗಿ ಗುಡಿ, ಕೋಟೆಗಳಿಗೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ. ಗುಡಿಯ ಪಕ್ಕದ ಮನೆಯವರು ರಿಪೇರಿಗೂ ಅನುಮತಿ ಕೇಳಬೇಕು. ನಮ್ಮೂರಿನವರು ಮನೆಯನ್ನೇ ಕೆಡವಿದರೂ ಈ ಕಾಯ್ದೆ ಕೇಳುವುದಿಲ್ಲ!

ಇಂಗ್ಲೆಂಡಿನಲ್ಲಿ ಜನ ವಾಸವಿರುವ ಹಳೆಯ ಮನೆಗಳೂ ಸಂರಕ್ಷಿತ ಪಟ್ಟಿಯಲ್ಲಿವೆ. ಅಲ್ಲೂ ಕಳೆದ ಶತಮಾನದಲ್ಲಿ ನೂರಾರು ಹಳ್ಳಿ ಬಂಗಲೆಗಳು ನೆಲಸಮವಾದವು. ಆ ನಾಶದ ಬಗ್ಗೆಯೇ 1974ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ನಡೆದಿತ್ತು.

ಹಾಗಾದರೆ ನಮ್ಮ ಮನೆಗಳನ್ನೂ ಪಟ್ಟಿಗೆ ಸೇರಿಸಿದರೆ ಆಯಿತಲ್ಲ ಎಂದು ದೊಡ್ಡಪ್ಪನ ಹತ್ತಿರ ಅಂದೆ. "ನೀನ್ ಓದಿರೋದು ಸರಿ ಮಗಾ, ಆಮೇಲೆ ನಾಲ್ಕು ಹಂಚು ಬದಲಾಯಿಸೋಕೂ ಆಫೀಸ್ ಅಲೀಬೇಕಾ? ಮೂರು ಪಾಲಾಗಿರೋ ಮನೆಗೆ ದುಡ್ಡು ಹಾಕೋರು ಯಾರು?" ಎಂದರು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಆಳು ಸಿಗುವುದೇ ಕಷ್ಟ. ನನಗನ್ನಿಸುವುದು, ದುರಸ್ತಿಗೆ ನೆರವಿಲ್ಲದೆ ಬರೀ ನಿರ್ಬಂಧ ತಂದರೆ ಜನ ರಾತ್ರೋರಾತ್ರಿ ಕೆಡವಿಬಿಡುತ್ತಾರೆ.

ದುರಸ್ತಿಯನ್ನೂ ತಿಳಿದು ಮಾಡಬೇಕು. ಮಣ್ಣಿನ ಗೋಡೆ ಉಸಿರಾಡುತ್ತದೆ. ಅದಕ್ಕೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಉದುರುತ್ತದೆ. ಸುಣ್ಣದ ಗಾರೆಯೇ ಸರಿ. ಸಿವಿಲ್ ಓದುವ ನಮಗೆ ಇದರಲ್ಲಿ ಕೆಲಸವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿಸಿದರು. ಅದು ದೊಡ್ಡ ಸಾಹಸ. ಅಳತೆ ತೆಗೆದು ನಕ್ಷೆ ಬರೆದಿಡಲು ಮಾತ್ರ ಯಾವ ಅಧಿಸೂಚನೆಯೂ ಬೇಕಿಲ್ಲ, ಮನೆಯವರು ಒಪ್ಪಿದರೆ ಸಾಕು.

ಈ ರಜೆಯಲ್ಲಿ ಗೆಳೆಯನೂ ನಾನೂ ದೊಡ್ಡಪ್ಪನ ಮನೆಯನ್ನು ಅಳೆಯುತ್ತಿದ್ದೇವೆ. ತೊಟ್ಟಿಯ ನಾಲ್ಕು ಬದಿಯೂ ಒಂದೇ ಅಳತೆ ಇಲ್ಲ! ಅಡುಗೆಮನೆ, ಅಟ್ಟ ಇನ್ನೂ ಬಾಕಿ.